ಹಳೆಯ ಜೀಪಿಗೆ ಎಷ್ಟು ಎತ್ತರ ಬೇಕು?

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಜನಕ್ಕೆ ಜೀಪಿನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದ ಅಗತ್ಯವಿಲ್ಲ. ಡಾಂಬರು ರಸ್ತೆ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದ ಮುಂದೆ ಜೀಪಿನ ರಾಜ್ಯ. ಅಡಕೆ ತೋಟಕ್ಕೆ ಗೊಬ್ಬರ ಸಾಗಿಸಬೇಕಾದರೆ ಜೀಪು. ಮಳೆಗಾಲದ ರಾತ್ರಿಯಲ್ಲಿ ಗುಡ್ಡದಾಚೆಯ ಒಂಟಿಮನೆಯಿಂದ ರೋಗಿಯನ್ನು ಆಸ್ಪತ್ರೆಗೆ ತರಬೇಕಾದರೂ ಜೀಪು. ಹೊಸನಗರ ತಾಲ್ಲೂಕಿನಲ್ಲಿ ಸಮುದ್ರಮಟ್ಟದಿಂದ 1,343 ಮೀಟರು ಎತ್ತರಕ್ಕೆ ನಿಂತಿರುವ ಕೊಡಚಾದ್ರಿಯ ಕಡಿದಾದ ಕಚ್ಚಾದಾರಿಯಲ್ಲಿ ಯಾತ್ರಿಕರನ್ನು ಹೊತ್ತು ಏರುವುದೂ ಜೀಪುಗಳೇ. ಅವುಗಳಲ್ಲಿ ಬಹಳಷ್ಟು ವಯಸ್ಸಾದವು. ಮಾಡಿದ ಕಾರ್ಖಾನೆಯೇ ಮರೆತಿರುವ ಮಾದರಿಗಳು.

ಜೀಪಿನ ಹುಟ್ಟು ಎರಡನೆಯ ಮಹಾಯುದ್ಧದ ಕಾಲದ್ದು. ಅಮೆರಿಕದ ವಿಲ್ಲಿಸ್ ಕಂಪನಿ ಸೈನ್ಯಕ್ಕಾಗಿ ತಯಾರಿಸಿದ ಈ ವಾಹನವನ್ನು 1947ರಿಂದ ಮುಂಬಯಿಯ ಮಹೀಂದ್ರ ಸಂಸ್ಥೆಯವರು ನಮ್ಮ ದೇಶದಲ್ಲಿ ಜೋಡಿಸಲು ಮೊದಲುಮಾಡಿದರು. ನಮ್ಮಲ್ಲಿ ಚಿರಪರಿಚಿತವಾದ ಸಿಜೆ-3ಬಿ ಮಾದರಿಯಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಇರುವ ಅಂತರ 80 ಅಂಗುಲ, ಎಂದರೆ ಸುಮಾರು 203 ಸೆಂಟಿಮೀಟರು ಮಾತ್ರ. ಇಂಥ ಜೀಪುಗಳೂ ಇವುಗಳ ವಂಶದಲ್ಲಿ ಮುಂದೆ ಬಂದ ಸ್ವಲ್ಪ ಉದ್ದನೆಯ ಜೀಪುಗಳೂ ಇಂದಿಗೂ ಮಲೆನಾಡಿನಲ್ಲಿ ಓಡುತ್ತಿವೆ.

ಹಳೆಯ ಜೀಪನ್ನು ಕೊಂಡವನಿಗೆ ಬಹುಬೇಗ ಹುಟ್ಟುವ ಆಸೆ ಒಂದುಂಟು: ಜೀಪನ್ನು ಇನ್ನಷ್ಟು ಎತ್ತರಿಸಬೇಕು. ಕೊರಕಲಿನಲ್ಲಿ ಹೊಟ್ಟೆ ತಾಗುತ್ತದೆ, ಕಲ್ಲಿಗೆ ಬಡಿಯುತ್ತದೆ, ಹಳ್ಳ ದಾಟುವಾಗ ನೀರು ಒಳಗೆ ಬರುತ್ತದೆ. ಎತ್ತರಿಸಿದರೆ ಇವೆಲ್ಲಕ್ಕೂ ಪರಿಹಾರ ದೊರೆತಂತಾಯಿತಲ್ಲವೆ? ಪೇಟೆಯ ಗ್ಯಾರೇಜಿನಲ್ಲಿ ವಿಚಾರಿಸಿದರೆ ಎರಡು ಅಂಗುಲ, ನಾಲ್ಕು ಅಂಗುಲ, ಆರು ಅಂಗುಲ ಎಂದು ಬೇಕುಬೇಕಾದ ಅಳತೆಯಲ್ಲಿ ಎತ್ತರಿಸಿಕೊಡುವವರು ಸಿಗುತ್ತಾರೆ. ಆದರೆ ಎತ್ತರ ಪುಕ್ಕಟೆಯಾಗಿ ದೊರೆಯುವುದಿಲ್ಲ. ಒಂದು ಕಡೆ ಪಡೆದ ಪ್ರತಿಯೊಂದು ಅಂಗುಲಕ್ಕೂ ಮತ್ತೊಂದು ಕಡೆ ಬೆಲೆ ತೆರಬೇಕು. ಆ ಬೆಲೆಯನ್ನು ಕೆಲವು ಸಲ ಪ್ರಯಾಣಿಕರ ಪ್ರಾಣದಿಂದಲೇ ತೆರಬೇಕಾಗಿ ಬರುವುದರಿಂದ, ಈ ವ್ಯವಹಾರದ ಲೆಕ್ಕವನ್ನು ಮೊದಲೇ ಮಾಡಿಕೊಳ್ಳುವುದು ವಿವೇಕ. ಪ್ರೌಢಶಾಲೆಯಲ್ಲಿ ಕಲಿತ ತ್ರಿಕೋಣಮಿತಿ ಮತ್ತು ಯಂತ್ರಶಾಸ್ತ್ರ ಇದಕ್ಕೆ ಸಾಕು.

ನೆಲಕ್ಕೆ ತಾಗುವುದು ಯಾವುದು?

ಜೀಪನ್ನು ಎರಡು ಪಾಲಾಗಿ ಭಾವಿಸಿಕೊಳ್ಳುವುದು ಅನುಕೂಲ. ಚಾಸಿ, ಎಂಜಿನ್, ಗೇರುಪೆಟ್ಟಿಗೆ, ಮೈಕಟ್ಟು, ಅದರಲ್ಲಿ ಕುಳಿತ ಜನ ಇವೆಲ್ಲವೂ ಕಮಾನುಗಳ ಮೇಲೆ ನಿಂತಿರುವ ಪಾಲು. ಚಕ್ರಗಳು, ಅವನ್ನು ಜೋಡಿಸುವ ಅಚ್ಚು, ಅಚ್ಚಿನ ಮಧ್ಯದಲ್ಲಿ ಗಡಿಗೆಯಂತೆ ಉಬ್ಬಿಕೊಂಡಿರುವ ಡಿಫರೆನ್ಷಿಯಲ್ ಇವು ಕಮಾನುಗಳ ಕೆಳಗಿನ ಪಾಲು. ಕಮಾನನ್ನು ಎತ್ತರಿಸಿದಾಗ ಮೇಲೇಳುವುದು ಮೊದಲನೆಯ ಪಾಲು ಮಾತ್ರ. ಎರಡನೆಯದು ಇದ್ದಲ್ಲಿಯೇ ಇರುತ್ತದೆ.

ಈ ಸಣ್ಣ ಸಂಗತಿಯನ್ನು ಮರೆತವರು ಹಣವನ್ನು ಕಳೆದುಕೊಳ್ಳುತ್ತಾರೆ. ಮಲೆನಾಡಿನ ಕಚ್ಚಾದಾರಿಯ ಸ್ವಭಾವವನ್ನು ನೋಡಿ. ಜಂಬಿಟ್ಟಿಗೆಯ ಮಣ್ಣು ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿ. ಮಳೆ ಹಿಡಿದರೆ ಮೇಲ್ಪದರ ಬೆಣ್ಣೆಯಂತೆ ಜಾರುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಇಷ್ಟು ನೀರು ಹರಿದ ದಾರಿಯಲ್ಲಿ ಚಕ್ರಗಳು ಎರಡು ಆಳವಾದ ಜಾಡುಗಳನ್ನು ಕೊರೆಯುತ್ತವೆ. ನಡುವೆ ದಿಬ್ಬ ಉಳಿಯುತ್ತದೆ. ಆ ದಿಬ್ಬಕ್ಕೆ ಮೊದಲು ತಾಗುವುದು ಡಿಫರೆನ್ಷಿಯಲಿನ ಉಬ್ಬು. ಕಮಾನನ್ನು ಹತ್ತು ಅಂಗುಲ ಎತ್ತರಿಸಿದರೂ ಆ ಉಬ್ಬು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಅದನ್ನು ಎತ್ತಬಲ್ಲದ್ದು ದೊಡ್ಡ ಟೈರು ಒಂದೇ. ಹಳೆಯ ಜೀಪಿನ 6.00-16 ಟೈರಿನ ವ್ಯಾಸ ಸುಮಾರು 28 ಅಂಗುಲ, 7.00-16 ಟೈರಿನದು ಸುಮಾರು 30 ಅಂಗುಲ. ವ್ಯಾಸದಲ್ಲಿ ಎರಡು ಅಂಗುಲ ಹೆಚ್ಚಿದರೆ ಅಚ್ಚು ಮೇಲೇಳುವುದು ಅದರ ಅರ್ಧ, ಎಂದರೆ ಒಂದು ಅಂಗುಲ.

ಇದಕ್ಕೂ ಬೆಲೆಯುಂಟು. ಚಕ್ರ ದೊಡ್ಡದಾದಷ್ಟೂ ಎಂಜಿನ್ನಿನ ತಿರುಚುಬಲ ನೆಲವನ್ನು ತಳ್ಳುವ ಶಕ್ತಿ ಕಡಿಮೆಯಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ನೂರಕ್ಕೆ ಸುಮಾರು ಏಳರಷ್ಟು. ಬ್ರೇಕಿನ ಹಿಡಿತವೂ ಅಷ್ಟೇ ಪ್ರಮಾಣದಲ್ಲಿ ತಗ್ಗುತ್ತದೆ. ವೇಗಸೂಚಿ 40 ಕಿಲೋಮೀಟರು ಎಂದು ತೋರಿಸುವಾಗ ಜೀಪು ನಿಜವಾಗಿ ಸುಮಾರು 43 ಕಿಲೋಮೀಟರು ವೇಗದಲ್ಲಿ ಓಡುತ್ತಿರುತ್ತದೆ.

ಹಾಗಾದರೆ ಕಮಾನನ್ನು ಎತ್ತರಿಸುವುದರಿಂದ ಪ್ರಯೋಜನವೇ ಇಲ್ಲವೆ? ಇದೆ. ಏರಿನ ಬುಡದಲ್ಲಿ ಮುಂಭಾಗ ನೆಲಕ್ಕೆ ಕುಟ್ಟದಿರಲು ಬೇಕಾದ ಕೋನವನ್ನು ಮುಂಗೋನ ಎಂದೂ, ಇಳಿದು ಸಮನೆಲಕ್ಕೆ ಬರುವಾಗ ಹಿಂಭಾಗ ತಾಗದಿರಲು ಬೇಕಾದ ಕೋನವನ್ನು ಹಿಂಗೋನ ಎಂದೂ, ದಿಬ್ಬದ ನೆತ್ತಿಯನ್ನು ದಾಟುವಾಗ ಹೊಟ್ಟೆ ಕೂರದಿರಲು ಬೇಕಾದ ಕೋನವನ್ನು ನಡುಗೋನ ಎಂದೂ ಕರೆಯೋಣ. ಕಮಾನು ಎತ್ತರವಾದರೆ ಈ ಮೂರೂ ಹೆಚ್ಚುತ್ತವೆ. ನಡುಗೋನದ ಲೆಕ್ಕ ಸುಲಭ. ಚಕ್ರಗಳ ನಡುವಣ ಅಂತರ 203 ಸೆಂಟಿಮೀಟರು, ಹೊಟ್ಟೆಯ ಎತ್ತರ 30 ಸೆಂಟಿಮೀಟರು ಎಂದು ಇಟ್ಟುಕೊಂಡರೆ, ಅರ್ಧಕೋನದ ಸ್ಪರ್ಶಕ 30ನ್ನು 101.5ರಿಂದ ಭಾಗಿಸಿದಷ್ಟು. ಚಕ್ರದ ದುಂಡಗಿನಿಂದ ಬರುವ ಸಣ್ಣ ವ್ಯತ್ಯಾಸವನ್ನು ಬಿಟ್ಟರೆ ಪೂರ್ಣಕೋನ 33 ಡಿಗ್ರಿ. ಐದು ಸೆಂಟಿಮೀಟರು ಎತ್ತರಿಸಿದರೆ ಅದು 38 ಡಿಗ್ರಿಯಾಗುತ್ತದೆ. ಚಕ್ರಗಳ ನಡುವೆ 231 ಸೆಂಟಿಮೀಟರು ಇರುವ ಉದ್ದನೆಯ ಜೀಪಿನಲ್ಲಿ, ಹೊಟ್ಟೆ ಅಷ್ಟೇ ಎತ್ತರದಲ್ಲಿದ್ದರೂ ಕೋನ 29 ಡಿಗ್ರಿ ಮಾತ್ರ. ಆದುದರಿಂದ ಗಿಡ್ಡ ಜೀಪಿಗೆ ಎತ್ತರದ ಅವಶ್ಯಕತೆ ಕಡಿಮೆ. ನೆರೆಮನೆಯವರ ಉದ್ದನೆಯ ಜೀಪಿಗೆ ಮಾಡಿಸಿದರೆಂದು ತಮ್ಮ ಗಿಡ್ಡ ಜೀಪಿಗೂ ಮಾಡಿಸುವವರು ಇದನ್ನು ಗಮನಿಸಬೇಕು.

ಕಮಾನಿನ ಗುಣ

ಹಳೆಯ ಜೀಪಿನ ಕಮಾನೆಂದರೆ ಒಂದರಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಇದರ ಬಿಗುಪು ಪಟ್ಟಿಗಳ ಸಂಖ್ಯೆಯನ್ನೂ ಅಗಲವನ್ನೂ ನೇರವಾಗಿ ಅನುಸರಿಸುತ್ತದೆ. ದಪ್ಪವನ್ನಾದರೋ ಅದರ ಘನದ ಪ್ರಮಾಣದಲ್ಲಿ ಅನುಸರಿಸುತ್ತದೆ. ಪಟ್ಟಿಯ ದಪ್ಪ ಎರಡರಷ್ಟಾದರೆ ಬಿಗುಪು ಎಂಟರಷ್ಟು. ಉದ್ದ ಹೆಚ್ಚಿದರೆ ಅದೇ ಘನದ ಪ್ರಮಾಣದಲ್ಲಿ ಬಿಗುಪು ಇಳಿಯುತ್ತದೆ.

ಜೀಪಿನ ಭಾರ ಬಿದ್ದಾಗ ಕಮಾನು ಒಂದಿಷ್ಟು ತಗ್ಗಿ ನಿಲ್ಲುತ್ತದೆ. ಈ ತಗ್ಗು 10 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಈಗ ಜೀಪನ್ನು 5 ಸೆಂಟಿಮೀಟರು ಮೇಲೆತ್ತಲು ಎರಡು ದಾರಿಗಳಿವೆ. ಮೊದಲನೆಯದು, ಬಿಗುಪನ್ನು ಹಾಗೆಯೇ ಇಟ್ಟು ಪಟ್ಟಿಗಳ ಬಾಗನ್ನು ಹೆಚ್ಚಿಸುವುದು. ಎರಡನೆಯದು, ಬಾಗನ್ನು ಹಾಗೆಯೇ ಇಟ್ಟು ಪಟ್ಟಿಗಳನ್ನು ಸೇರಿಸಿ ಬಿಗುಪನ್ನು ಹೆಚ್ಚಿಸುವುದು. ಎರಡನೆಯ ದಾರಿಯಲ್ಲಿ ಹೋದರೆ ತಗ್ಗು 10ರಿಂದ 5 ಸೆಂಟಿಮೀಟರಿಗೆ ಇಳಿಯಬೇಕಾದುದರಿಂದ ಬಿಗುಪು ಎರಡರಷ್ಟಾಗಬೇಕು. ಅಳತೆಪಟ್ಟಿ ಹಿಡಿದು ನೋಡಿದರೆ ಎರಡು ಜೀಪುಗಳೂ ಒಂದೇ ಎತ್ತರ. ಆದರೆ ದಾರಿಯ ಮೇಲೆ ಅವು ಬೇರೆಬೇರೆ ಪ್ರಾಣಿಗಳು.

ಹೇಗೆಂದರೆ, ಕಮಾನಿನ ಮೇಲೆ ಜೀಪು ಕುಣಿಯುವ ಗತಿಯನ್ನು ಈ ತಗ್ಗೇ ನಿರ್ಣಯಿಸುತ್ತದೆ. ತಗ್ಗು 10 ಸೆಂಟಿಮೀಟರು ಇದ್ದಾಗ ನಿಮಿಷಕ್ಕೆ ಸುಮಾರು 95 ಸಲ, 5 ಸೆಂಟಿಮೀಟರು ಇದ್ದಾಗ ಸುಮಾರು 134 ಸಲ ಅದು ಮೇಲೆಕೆಳಗೆ ಆಡುತ್ತದೆ. ಬೆನ್ನುಮೂಳೆಗೆ ಇದು ಸುಖಕರವಲ್ಲ. ಹಿಂದಿನ ಸೀಟಿನಲ್ಲಿ ರೋಗಿ ಮಲಗಿದ್ದರಂತೂ ಹೇಳಬೇಕಾದುದೇ ಇಲ್ಲ. ಇದಕ್ಕಿಂತ ಮುಖ್ಯವಾದ ಸಂಗತಿ ಮತ್ತೊಂದಿದೆ. ಒಂದು ಚಕ್ರ ಕುಳಿಗೆ ಇಳಿದಾಗ ಕಮಾನು ಬಿಚ್ಚಿಕೊಂಡು ಅದನ್ನು ನೆಲಕ್ಕೆ ಒತ್ತಿ ಹಿಡಿಯಬೇಕು. ಎಷ್ಟು ತಗ್ಗಿ ನಿಂತಿರುತ್ತದೆಯೋ ಹೆಚ್ಚುಕಡಿಮೆ ಅಷ್ಟೇ ದೂರ ಅದು ಬಿಚ್ಚಿಕೊಂಡು ಒತ್ತಬಲ್ಲದು. ಮೆತ್ತನೆಯ ಕಮಾನಿನ ಚಕ್ರ 10 ಸೆಂಟಿಮೀಟರು ಆಳದ ಕುಳಿಯವರೆಗೂ ನೆಲವನ್ನು ಹಿಡಿದಿದ್ದರೆ, ಬಿಗಿಯಾದ ಕಮಾನಿನದು 5 ಸೆಂಟಿಮೀಟರಿಗೇ ಕೈಬಿಡುತ್ತದೆ.

ನೆಲ ಬಿಟ್ಟ ಚಕ್ರ ಏನು ಮಾಡುತ್ತದೆ? ಡಿಫರೆನ್ಷಿಯಲ್ ಒಂದು ಅಚ್ಚಿನ ಎರಡು ಚಕ್ರಗಳಿಗೂ ಸಮನಾದ ತಿರುಚುಬಲವನ್ನು ಹಂಚುತ್ತದೆ. ಒಂದು ಚಕ್ರ ಗಾಳಿಯಲ್ಲಿ ಸುಮ್ಮನೆ ಸುತ್ತುತ್ತಿದ್ದರೆ ಅದಕ್ಕೆ ಬೇಕಾಗುವ ಬಲ ಅತ್ಯಲ್ಪ. ನೆಲದ ಮೇಲಿರುವ ಜೊತೆಚಕ್ರಕ್ಕೂ ಅಷ್ಟೇ ಅಲ್ಪಬಲ ದೊರೆಯುತ್ತದೆ. ಬೀಗವಿಲ್ಲದ ಡಿಫರೆನ್ಷಿಯಲ್ ಇರುವ ಜೀಪು, ಮುಂದಿನ ಒಂದು ಚಕ್ರವನ್ನೂ ಹಿಂದಿನ ಒಂದು ಚಕ್ರವನ್ನೂ ಎತ್ತಿಕೊಂಡು ಮೂಲೆಯಿಂದ ಮೂಲೆಗೆ ತೂಗುತ್ತಾ ನಿಂತಿತೆಂದರೆ, ನಾಲ್ಕು ಚಕ್ರಗಳ ಎಳೆತವಿದ್ದೂ ಅಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತದೆ. ಕೊರಕಲು ದಾಟಲೆಂದು ಪಟ್ಟಿ ಸೇರಿಸಿ ಎತ್ತರಿಸಿದ ಜೀಪು ಅದೇ ಕೊರಕಲಿನಲ್ಲಿ ನಿಂತುಬಿಡುವುದರ ಮರ್ಮ ಇದು. ಎತ್ತರವನ್ನು ಬಾಗಿನಿಂದ ಪಡೆಯಬೇಕು, ಬಿಗುಪಿನಿಂದಲ್ಲ.

ಎತ್ತರಿಸುವ ದಾರಿಗಳು

ಗ್ಯಾರೇಜುಗಳಲ್ಲಿ ಬಳಕೆಯಲ್ಲಿರುವ ವಿಧಾನಗಳನ್ನು ಈಗ ಒಂದೊಂದಾಗಿ ನೋಡಬಹುದು.

ಎಲ್ಲಕ್ಕಿಂತ ಉತ್ತಮವಾದುದು, ಸರಿಯಾದ ಬಾಗಿನ ಹೊಸ ಕಮಾನುಗಳನ್ನು ಹಾಕಿಸುವುದು. ಹಳೆಯ ಪಟ್ಟಿಗಳನ್ನೇ ಮತ್ತೆ ಬಾಗಿಸಿ ಹದಕೊಡುವ ಪದ್ಧತಿಯೂ ಉಂಟು. ಹದ ಸರಿಯಾಗಿ ಬಿದ್ದರೆ ಕೆಲವು ಕಾಲ ಬಾಳುತ್ತದೆ. ಬೀಳದಿದ್ದರೆ ಪಟ್ಟಿ ಬೇಗ ಮತ್ತೆ ಚಪ್ಪಟೆಯಾಗುತ್ತದೆ, ಇಲ್ಲವೆ ಮುರಿಯುತ್ತದೆ.

ಎರಡನೆಯದು, ಕಮಾನಿನ ಒಂದು ತುದಿಯನ್ನು ಚಾಸಿಗೆ ತೂಗುಹಾಕುವ ಶ್ಯಾಕಲನ್ನು ಉದ್ದಮಾಡುವುದು. ಇದು ಅಗ್ಗ. ಆದರೆ ಒಂದು ತುದಿ ಮಾತ್ರ ಕೆಳಗಿಳಿಯುವುದರಿಂದ ನಡುವಿನಲ್ಲಿರುವ ಅಚ್ಚಿಗೆ ಅರ್ಧ ಫಲ ಮಾತ್ರ. 10 ಸೆಂಟಿಮೀಟರು ಉದ್ದಮಾಡಿದರೆ ಸುಮಾರು 5 ಸೆಂಟಿಮೀಟರು ಎತ್ತರ ದೊರೆಯುತ್ತದೆ. ಅಲ್ಲದೆ ಹಳೆಯ ಸಿಜೆ ಜೀಪುಗಳಲ್ಲಿ ಮುಂಗಮಾನಿನ ಶ್ಯಾಕಲ್ ಮುಂದಿನ ತುದಿಯಲ್ಲಿದೆ. ಅದನ್ನು ಉದ್ದಮಾಡಿದಾಗ ಅಚ್ಚು ಮುಂದಕ್ಕೆ ಮಣಿಯುತ್ತದೆ. ಚಕ್ರ ತಿರುಗುವ ಕೀಲಿನ ಹಿಂಬಾಗು ಕಡಿಮೆಯಾಗುತ್ತದೆ. ಬೈಸಿಕಲ್ಲಿನ ಮುಂಗವೆ ಓರೆಯಾಗಿರುವುದನ್ನು ನೋಡಿದ್ದೀರಷ್ಟೆ? ತಿರುವಿನ ನಂತರ ಚಕ್ರ ತಾನಾಗಿ ನೇರಕ್ಕೆ ಬರುವುದು ಇಂಥ ಓರೆಯ ಸಹಾಯದಿಂದ. ಅದು ತಗ್ಗಿದರೆ ಸ್ಟಿಯರಿಂಗ್ ಅಲೆದಾಡುತ್ತದೆ, ವೇಗದಲ್ಲಿ ನಡುಗುತ್ತದೆ.

ಮೂರನೆಯದು, ಕಮಾನಿಗೂ ಅಚ್ಚಿಗೂ ನಡುವೆ ಕಬ್ಬಿಣದ ದಿಮ್ಮಿಯನ್ನಿಟ್ಟು ಉದ್ದನೆಯ ಯು-ಬೋಲ್ಟುಗಳಿಂದ ಬಿಗಿಯುವುದು. ಎಂಜಿನ್ನಿನ ಬಲವೂ ಬ್ರೇಕಿನ ಬಲವೂ ಅಚ್ಚನ್ನು ತಿರುಚಲು ಯತ್ನಿಸುವಾಗ ಈ ದಿಮ್ಮಿ ಸನ್ನೆಯಂತೆ ವರ್ತಿಸಿ ಕಮಾನನ್ನು ಇನ್ನಷ್ಟು ಹಿಂಡುತ್ತದೆ. ಮುಂದಿನ ಅಚ್ಚಿಗೆ ಇದನ್ನು ಎಂದಿಗೂ ಹಾಕಬಾರದು. ದಿಮ್ಮಿ ಜಾರಿ ಹೊರಬಂದರೆ ಸ್ಟಿಯರಿಂಗ್ ಕೈಬಿಟ್ಟಂತೆಯೇ ಸರಿ.

ನಾಲ್ಕನೆಯದು ದೊಡ್ಡ ಶಸ್ತ್ರಕ್ರಿಯೆ. ಸಿಜೆ-3ಬಿ ಜೀಪಿನಲ್ಲಿ ಕಮಾನು ಅಚ್ಚಿನ ಕೆಳಗೆ ಹಾಯ್ದುಹೋಗುತ್ತದೆ. ಅದನ್ನು ಬಿಚ್ಚಿ ಅಚ್ಚಿನ ಮೇಲಕ್ಕೆ ತಂದರೆ, ಅಚ್ಚಿನ ದಪ್ಪ ಮತ್ತು ಪಟ್ಟಿಗಳ ಕಟ್ಟಿನ ದಪ್ಪ ಎರಡೂ ಸೇರಿದಷ್ಟು ಎತ್ತರ ಒಮ್ಮೆಗೇ ದೊರೆಯುತ್ತದೆ. ಇದು ನಾಲ್ಕೈದು ಅಂಗುಲವಾಗಬಹುದು. ಕಮಾನು ಮೆತ್ತಗೇ ಉಳಿಯುವುದು ಇದರ ಗುಣ. ಆದರೆ ಸ್ಟಿಯರಿಂಗಿನ ಕೂಡುದಂಡ, ಬ್ರೇಕಿನ ನಳಿಗೆ, ಷಾಕ್ ಅಬ್ಸಾರ್ಬರ್, ಪ್ರೊಪೆಲರ್ ಷಾಫ್ಟು ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕು. ಅಚ್ಚಿಗೆ ಹಾಕುವ ಬೆಸುಗೆಯ ಮೇಲೆ ಇಡೀ ಜೀಪಿನ ಭಾರ ನಿಲ್ಲುತ್ತದೆಂಬುದನ್ನು ಮರೆಯಲಾಗದು.

ಐದನೆಯದು, ಚಾಸಿಗೂ ಮೈಕಟ್ಟಿಗೂ ನಡುವೆ ಬಿಲ್ಲೆಗಳನ್ನಿಟ್ಟು ಮೈಯನ್ನಷ್ಟೇ ಎತ್ತುವುದು. ಇದರಿಂದ ದೊಡ್ಡ ಟೈರಿಗೆ ಜಾಗವಾಗುತ್ತದೆ. ಚಾಸಿ ಮಾತ್ರ ಇದ್ದಲ್ಲಿಯೇ ಇರುತ್ತದೆ.

ಉರುಳುವ ಲೆಕ್ಕ

ಇನ್ನು ಎತ್ತರಕ್ಕೆ ತೆರಬೇಕಾದ ಮುಖ್ಯವಾದ ಬೆಲೆಗೆ ಬರೋಣ. ವಸ್ತುವಿನ ಗುರುತ್ವಕೇಂದ್ರದಿಂದ ಇಳಿಬಿಟ್ಟ ಲಂಬರೇಖೆ ಅದರ ಆಧಾರದ ಒಳಗೆ ಬೀಳುವವರೆಗೂ ವಸ್ತು ನಿಲ್ಲುತ್ತದೆ. ಹೊರಗೆ ಬಿದ್ದೊಡನೆ ಉರುಳುತ್ತದೆ. ಜೀಪಿನ ಎಡಬಲ ಚಕ್ರಗಳ ನಡುವಣ ಅಗಲದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದರೆ, ಜೀಪು ಎಷ್ಟು ಡಿಗ್ರಿ ಓರೆಯಾದಾಗ ಉರುಳುತ್ತದೆಂಬ ಕೋನದ ಸ್ಪರ್ಶಕ ದೊರೆಯುತ್ತದೆ.

ಹಳೆಯ ಗಿಡ್ಡ ಜೀಪಿನಲ್ಲಿ ಆ ಅಗಲ ಸುಮಾರು 122 ಸೆಂಟಿಮೀಟರು, ಅರ್ಧ 61. ಲೆಕ್ಕಕ್ಕಾಗಿ ಖಾಲಿ ಜೀಪಿನ ತೂಕ 1,100 ಕಿಲೋಗ್ರಾಂ, ಗುರುತ್ವಕೇಂದ್ರದ ಎತ್ತರ 65 ಸೆಂಟಿಮೀಟರು ಎಂದು ಇಟ್ಟುಕೊಳ್ಳೋಣ. ಆಗ ಉರುಳುವ ಕೋನ 43 ಡಿಗ್ರಿ. ಈಗ ತಲಾ 60 ಕಿಲೋಗ್ರಾಂ ತೂಕದ ಎಂಟು ಜನ ಹತ್ತಿ ಕೂತರು. ಅವರ ಗುರುತ್ವಕೇಂದ್ರ ನೆಲದಿಂದ 110 ಸೆಂಟಿಮೀಟರು ಮೇಲಿದೆ. ಒಟ್ಟು ಗುರುತ್ವಕೇಂದ್ರ 79 ಸೆಂಟಿಮೀಟರಿಗೆ ಏರಿ, ಕೋನ 38 ಡಿಗ್ರಿಗೆ ಇಳಿಯಿತು. ಛಾವಣಿಯ ಮೇಲೆ, ನೆಲದಿಂದ ಎರಡು ಮೀಟರು ಎತ್ತರದಲ್ಲಿ, 100 ಕಿಲೋಗ್ರಾಂ ಸಾಮಾನು ಕಟ್ಟಿದರು. ಗುರುತ್ವಕೇಂದ್ರ 86, ಕೋನ 35. ಇಷ್ಟಾದ ಮೇಲೆ ಕಮಾನನ್ನು 10 ಸೆಂಟಿಮೀಟರು, ಎಂದರೆ ನಾಲ್ಕು ಅಂಗುಲ, ಎತ್ತರಿಸಿದ್ದಾರೆಂದು ಭಾವಿಸಿ. ಜೀಪಿನ ತೂಕದ ಮುಕ್ಕಾಲುಪಾಲು ಕಮಾನಿನ ಮೇಲಿದೆಯೆಂದು ಹಿಡಿದರೆ ಗುರುತ್ವಕೇಂದ್ರ 94 ಸೆಂಟಿಮೀಟರಿಗೆ ಏರಿ, ಕೋನ 33 ಡಿಗ್ರಿಗೆ ಬಂದು ನಿಲ್ಲುತ್ತದೆ.

ಈ ಅಂಕಿಗಳು ಎರಡು ಪಾಠಗಳನ್ನು ಹೇಳುತ್ತವೆ. ಛಾವಣಿಯ ಮೇಲಿನ ನೂರು ಕಿಲೋಗ್ರಾಂ ಹೊರೆ ಮಾಡುವ ಕೇಡೂ ನಾಲ್ಕು ಅಂಗುಲದ ಎತ್ತರ ಮಾಡುವ ಕೇಡೂ ಹೆಚ್ಚುಕಡಿಮೆ ಒಂದೇ. ಒಂದೊಂದೂ ಬಿಡಿಯಾಗಿ ಎರಡೂವರೆ ಡಿಗ್ರಿಯಷ್ಟೇ ಕಡಿಮೆಮಾಡಿದರೂ, ಎಲ್ಲವೂ ಕೂಡಿದಾಗ 43 ಇದ್ದುದು 33 ಆಗುತ್ತದೆ. ಗುಡ್ಡದ ಮಗ್ಗುಲಿನ ದಾರಿ ಹೊರಕ್ಕೆ 15 ಡಿಗ್ರಿ ಓರೆಯಾಗಿದ್ದು, ಹೊರಬದಿಯ ಚಕ್ರಗಳು 20 ಸೆಂಟಿಮೀಟರು ಆಳದ ಜಾಡಿಗೆ ಇಳಿದವೆನ್ನಿ. ಜಾಡಿನಿಂದಲೇ ಮತ್ತೆ 9 ಡಿಗ್ರಿ ಓರೆ ಸೇರಿ ಒಟ್ಟು 24 ಆಗುತ್ತದೆ. ಖಾಲಿಯಾದ ಮೂಲ ಜೀಪಿಗೆ ಇನ್ನೂ 19 ಡಿಗ್ರಿ ಕೈಯಲ್ಲಿದೆ. ಎತ್ತರಿಸಿ ತುಂಬಿದ ಜೀಪಿಗೆ 9 ಮಾತ್ರ. ತಗ್ಗಿನ ಕಡೆಯ ಕಮಾನು ಕುಗ್ಗಿ ಮೈ ಹೊರಕ್ಕೆ ವಾಲುವುದರಿಂದ ಈ ಒಂಬತ್ತೂ ಪೂರ್ತಿಯಾಗಿ ಉಳಿಯುವುದಿಲ್ಲ.

ತಿರುವಿನಲ್ಲಿಯೂ ಇದೇ ನಿಯಮ. ತೀರ್ಥಹಳ್ಳಿಯಿಂದ ಉಡುಪಿಯ ಕಡೆಗೆ ಇಳಿಯುವ ಆಗುಂಬೆ ಘಾಟಿಯ ಬಿಗಿಯಾದ ತಿರುವುಗಳನ್ನು ನೆನೆದುಕೊಳ್ಳಿ. ಸಮತಟ್ಟಾದ ರಸ್ತೆಯಲ್ಲಿ 12 ಮೀಟರು ತ್ರಿಜ್ಯದ ತಿರುವಿನಲ್ಲಿ, ಚಕ್ರಗಳು ಜಾರದೆ ನೆಲವನ್ನು ಹಿಡಿದಿದ್ದರೆ, ಮೂಲ ಜೀಪು ಗಂಟೆಗೆ ಸುಮಾರು 38 ಕಿಲೋಮೀಟರು ವೇಗದಲ್ಲಿ ಉರುಳುವ ಅಂಚಿಗೆ ಬರುತ್ತದೆ. ಎತ್ತರಿಸಿ ತುಂಬಿದ್ದು ಸುಮಾರು 31 ಕಿಲೋಮೀಟರಿಗೇ. ಮೈ ವಾಲುವುದನ್ನು ಲೆಕ್ಕಕ್ಕೆ ತಂದರೆ ಎರಡೂ ಇನ್ನಷ್ಟು ಇಳಿಯುತ್ತವೆ. ಒದ್ದೆ ರಸ್ತೆಯಲ್ಲಿ ಜೀಪು ಉರುಳುವ ಮೊದಲೇ ಜಾರುತ್ತದೆಯಲ್ಲ ಎಂದು ಕೇಳಬಹುದು. ನಿಜ. ಆದರೆ ಅಡ್ಡಲಾಗಿ ಜಾರುತ್ತಿರುವ ಜೀಪಿನ ಚಕ್ರ ಕಲ್ಲಿಗೋ ಜಾಡಿನ ಅಂಚಿಗೋ ತಡೆದು ನಿಂತ ಕ್ಷಣದಲ್ಲಿ ಎಡವಿದ ಮನುಷ್ಯನಂತೆ ಮಗುಚುತ್ತದೆ.

ತಿರುಗುವ ದಂಡದ ಓರೆ

ಗೇರುಪೆಟ್ಟಿಗೆಯಿಂದ ಅಚ್ಚಿಗೆ ಶಕ್ತಿಯನ್ನು ಒಯ್ಯುವ ಪ್ರೊಪೆಲರ್ ಷಾಫ್ಟಿನ ಎರಡು ತುದಿಗಳಲ್ಲಿಯೂ ಯೂನಿವರ್ಸಲ್ ಕೀಲುಗಳಿವೆ. ಈ ಕೀಲಿಗೆ ಒಂದು ವಿಚಿತ್ರ ಗುಣವಿದೆ. ಓರೆಯಾಗಿ ತಿರುಗುವಾಗ ಅದು ವೇಗವನ್ನು ಸಮನಾಗಿ ಒಯ್ಯುವುದಿಲ್ಲ. ಪ್ರತಿಸುತ್ತಿನಲ್ಲಿ ಎರಡು ಸಲ ಮುಂದಾಗುತ್ತದೆ, ಎರಡು ಸಲ ಹಿಂದಾಗುತ್ತದೆ. ಎರಡು ತುದಿಗಳ ಕೋನಗಳೂ ಸಮವಾಗಿದ್ದರೆ ಒಂದರ ದೋಷವನ್ನು ಇನ್ನೊಂದು ತೊಡೆದುಹಾಕುತ್ತದೆ. ಆದರೂ ನಡುವಿನ ದಂಡಕ್ಕೆ ಏರಿಳಿತ ತಪ್ಪಿದ್ದಲ್ಲ.

ಗಿಡ್ಡ ಜೀಪಿನ ಹಿಂದಿನ ಷಾಫ್ಟು ಮೊದಲೇ ಗಿಡ್ಡ. ಅದರ ಉದ್ದ 50 ಸೆಂಟಿಮೀಟರು, ಎರಡು ತುದಿಗಳ ಎತ್ತರದ ವ್ಯತ್ಯಾಸ 8 ಸೆಂಟಿಮೀಟರು ಎಂದುಕೊಂಡರೆ ಓರೆ 9 ಡಿಗ್ರಿ, ವೇಗದ ಏರಿಳಿತ ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು. ಐದು ಸೆಂಟಿಮೀಟರು ಎತ್ತರಿಸಿದರೆ ಓರೆ 15 ಡಿಗ್ರಿ, ಏರಿಳಿತ ನೂರಕ್ಕೆ ಮೂರೂವರೆ. ಹತ್ತು ಸೆಂಟಿಮೀಟರು ಎತ್ತರಿಸಿದರೆ 21 ಡಿಗ್ರಿ, ಏರಿಳಿತ ನೂರಕ್ಕೆ ಏಳು. ಎತ್ತರ ಎರಡರಷ್ಟಾದರೆ ಕೇಡು ಎರಡರಷ್ಟಕ್ಕೆ ನಿಲ್ಲದೆಂಬುದನ್ನು ವಾಚಕರು ಗಮನಿಸಬೇಕು. ಕೀಲುಗಳು ಸವೆಯುತ್ತವೆ, ಗೇರುಪೆಟ್ಟಿಗೆ ನಡುಗುತ್ತದೆ, ಒಂದು ದಿನ ಏರಿನ ಮಧ್ಯದಲ್ಲಿ ಕೀಲು ಮುರಿಯುತ್ತದೆ. ಅಲ್ಲಿಂದ ಹಿಂದಕ್ಕೆ ಜಾರುವ ಜೀಪನ್ನು ಹಿಡಿಯಬೇಕಾದುದು ಬ್ರೇಕು. ಆದುದರಿಂದಲೇ, ಚಕ್ರ ಪೂರ್ತಿ ಕೆಳಗೆ ಜೋತಾಡುವಾಗಲೂ ಬ್ರೇಕಿನ ರಬ್ಬರು ನಳಿಗೆ ಬಿಗಿಯಾಗದಷ್ಟು ಉದ್ದವಿದೆಯೇ ಎಂದು ನೋಡಿಕೊಳ್ಳುವುದು ಬಹುಮುಖ್ಯ.

ಹಳ್ಳ ದಾಟುವ ಮಾತು

ತುಂಗಾ, ಮಾಲತಿ, ಚಕ್ರಾ, ವಾರಾಹಿ, ಶರಾವತಿ ಎಂದು ಹೊಳೆಗಳು ತುಂಬಿದ ಈ ಸೀಮೆಯಲ್ಲಿ, ಎತ್ತರದ ಜೀಪು ಪ್ರವಾಹವನ್ನು ದಾಟೀತೆಂಬ ಭ್ರಮೆ ಸುಲಭವಾಗಿ ಹುಟ್ಟುತ್ತದೆ. ಜೀಪಿನ ತಳ 2 ಮೀಟರು ಉದ್ದ, 1.2 ಮೀಟರು ಅಗಲ ಇದ್ದರೆ, ತಳದಿಂದ ಮೇಲಕ್ಕೆ ಏರಿದ ಪ್ರತಿ 10 ಸೆಂಟಿಮೀಟರು ನೀರೂ, ಒಳಗೆ ನುಗ್ಗದಿದ್ದಲ್ಲಿ, ಜೀಪನ್ನು 240 ಕಿಲೋಗ್ರಾಂ ಭಾರದಷ್ಟು ಮೇಲಕ್ಕೆತ್ತುತ್ತದೆ. ಅಷ್ಟರಮಟ್ಟಿಗೆ ಚಕ್ರಗಳ ಹಿಡಿತ ಹೋಯಿತು. ಹರಿವಿನ ವೇಗ ಎರಡರಷ್ಟಾದರೆ ಅದು ಮಗ್ಗುಲಿನಿಂದ ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಈ ಬಲಗಳ ಮುಂದೆ ಎರಡು ಅಂಗುಲದ ಎತ್ತರ ಲೆಕ್ಕಕ್ಕಿಲ್ಲ. ತುಂಬಿದ ಹಳ್ಳದ ಮುಂದೆ ಕಾಯುವುದೇ ಉಪಾಯ.

ಆರಿಸುವ ಕ್ರಮ

ಇಷ್ಟೆಲ್ಲ ತಿಳಿದಮೇಲೆ ಏನು ಮಾಡತಕ್ಕದ್ದು? ಮೊದಲು ಅಳೆಯಬೇಕು. ಸಮನೆಲದಲ್ಲಿ ಖಾಲಿ ಜೀಪನ್ನು ನಿಲ್ಲಿಸಿ, ಅಚ್ಚಿನಿಂದ ಚಾಸಿಗೆ ಇರುವ ಎತ್ತರವನ್ನು ನಾಲ್ಕು ಮೂಲೆಗಳಲ್ಲಿಯೂ ಗುರುತುಹಾಕಿಕೊಳ್ಳಿ. ದಶಕಗಳ ಕಾಲ ಭಾರ ಹೊತ್ತ ಉಕ್ಕಿನ ಪಟ್ಟಿ ತನ್ನ ಮೊದಲಿನ ಬಾಗನ್ನು ಕಳೆದುಕೊಂಡಿರುತ್ತದೆ. ಮಲೆನಾಡಿನ ತೇವದಲ್ಲಿ ಪಟ್ಟಿಗಳ ನಡುವೆ ತುಕ್ಕು ಹಿಡಿದು ಕಮಾನು ಆಡುವುದನ್ನೇ ನಿಲ್ಲಿಸಿರುವುದೂ ಉಂಟು. ಕಾರ್ಖಾನೆಯ ಕೈಪಿಡಿಯ ಅಳತೆಯೊಡನೆ ಹೋಲಿಸಿದರೆ ಎಷ್ಟೋ ಜೀಪುಗಳಲ್ಲಿ ಕೊರತೆ ಕಂಡುಬರುತ್ತದೆ. ಅಂಥ ಜೀಪಿಗೆ ಮೂಲ ಅಳತೆಯ ಹೊಸ ಕಮಾನುಗಳನ್ನು ಹಾಕಿದರೆ ಸಾಕು. ಕಳೆದುಹೋದ ಎತ್ತರ ಹಿಂದಕ್ಕೆ ಬರುತ್ತದೆ. ಯಾವ ಕೋನವೂ ಕೆಡುವುದಿಲ್ಲ.

ಎರಡನೆಯದಾಗಿ, ಎಲ್ಲಿ ತಾಗುತ್ತಿದೆಯೆಂಬುದನ್ನು ಕಂಡುಕೊಳ್ಳಬೇಕು. ಜೀಪಿನ ತಳದ ಗೀರುಗಳೇ ಇದಕ್ಕೆ ಸಾಕ್ಷಿ. ಗೀರು ಡಿಫರೆನ್ಷಿಯಲಿನ ಮೇಲಿದ್ದರೆ ಕಮಾನಿನ ಎತ್ತರದಿಂದ ಉಪಯೋಗವಿಲ್ಲ. ಚಾಸಿಯ ಹೊಟ್ಟೆಯ ಮೇಲಿದ್ದರೆ ಉಪಯೋಗವಿದೆ. ಗೀರೇ ಇಲ್ಲದೆ ಜೀಪು ಕೆಸರಿನಲ್ಲಿ ಹೂಳುತ್ತಿದ್ದರೆ ಬೇಕಾದುದು ಒಳ್ಳೆಯ ಹಲ್ಲಿನ ಟೈರು.

ಮೂರನೆಯದಾಗಿ, ಜೀಪಿನ ಕೆಲಸವೇನು? ಜನರನ್ನು ಹೊತ್ತು ಬೆಟ್ಟವೇರುವ ಜೀಪಿಗೆ ಮೂಲ ಎತ್ತರವೇ ಸರಿ. ಛಾವಣಿಯ ಹೊರೆಯನ್ನು ಕೆಳಗಿಳಿಸುವುದು ಅದಕ್ಕೆ ಮಾಡಬಹುದಾದ ಅತ್ಯುತ್ತಮ ಉಪಕಾರ. ತೋಟದೊಳಗೆ ನಿಧಾನವಾಗಿ ಓಡಾಡುವ ಜೀಪಿಗೆ, ಹೊಟ್ಟೆ ತಾಗುವುದು ನಿಜವಾದರೆ, ಬಾಗು ಹೆಚ್ಚಿಸಿದ ಮೆತ್ತನೆಯ ಕಮಾನಿನಿಂದ 5 ಸೆಂಟಿಮೀಟರಿನವರೆಗೆ ಎತ್ತರ ಕೊಡಬಹುದು. ಅದಕ್ಕೆ ತಕ್ಕ ಉದ್ದದ ಷಾಕ್ ಅಬ್ಸಾರ್ಬರುಗಳೂ ಬ್ರೇಕಿನ ನಳಿಗೆಗಳೂ ಜೊತೆಯಲ್ಲಿಯೇ ಬರಬೇಕು. ಅದಕ್ಕಿಂತ ಹೆಚ್ಚಿನ ಎತ್ತರ ಗಿಡ್ಡ ಜೀಪಿಗೆ ಲಾಭಕ್ಕಿಂತ ನಷ್ಟವನ್ನೇ ತರುತ್ತದೆಂದು ಮೇಲಿನ ಲೆಕ್ಕಗಳಿಂದ ಸ್ಪಷ್ಟವಾಗುತ್ತದೆ.

ನಾಲ್ಕನೆಯದು ಕಾನೂನು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣದಂತೆ, ತಯಾರಕರು ನಿಗದಿಮಾಡಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಲಾಗದು; ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಮಾರ್ಪಾಡಿಗೆ ಕೈಹಾಕುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಕೊನೆಯದಾಗಿ, ವಿದ್ಯಾರ್ಥಿಗಳು ಮನೆಯಲ್ಲಿಯೇ ಮಾಡಿನೋಡಬಹುದಾದ ಒಂದು ಪ್ರಯೋಗ. ಒರಟಾದ ಹಲಗೆಯ ಮೇಲೆ ಆಟದ ಜೀಪೊಂದನ್ನು ಅಡ್ಡಲಾಗಿ ನಿಲ್ಲಿಸಿ. ಚಕ್ರಗಳು ಜಾರದಂತೆ ಕೆಳಬದಿಯಲ್ಲಿ ತೆಳ್ಳಗಿನ ಕಡ್ಡಿಯೊಂದನ್ನು ಅಂಟಿಸಿ. ಹಲಗೆಯ ಒಂದು ಅಂಚನ್ನು ನಿಧಾನವಾಗಿ ಎತ್ತುತ್ತಾ, ಜೀಪು ಉರುಳಿದಾಗಿನ ಕೋನವನ್ನು ಕೋನಮಾಪಕದಿಂದ ಅಳೆಯಿರಿ. ಆಮೇಲೆ ಛಾವಣಿಗೆ ಒಂದೊಂದೇ ನಾಣ್ಯವನ್ನು ಅಂಟಿಸುತ್ತಾ ಅದನ್ನೇ ಮತ್ತೆಮತ್ತೆ ಮಾಡಿ, ನಾಣ್ಯಗಳ ಸಂಖ್ಯೆಯನ್ನೂ ಕೋನವನ್ನೂ ನಕ್ಷೆಯ ಕಾಗದದ ಮೇಲೆ ಗುರುತಿಸಿ. ಆ ರೇಖೆ ಕೆಳಕ್ಕೆ ಬಾಗುತ್ತಾ ಹೋಗುವುದು ಕಾಣುತ್ತದೆ. ನಿಮ್ಮ ಮನೆಯವರು ಜೀಪನ್ನು ಎತ್ತರಿಸುವ ಆಲೋಚನೆಯಲ್ಲಿದ್ದರೆ ಗ್ಯಾರೇಜಿಗೆ ಹೋಗುವ ಮೊದಲು ಆ ಕಾಗದವನ್ನು ಅವರ ಮುಂದೆ ಇಡಿ.